ಹಮ್ರಿಯ ಕೆಟ್ಟ ಮಗ

ನನ್ನ ತಮ್ಮ ಮಿಲೂದ್ ಒಂದು ರಂಜಾನ್ ತಿಂಗಳು ಪೂರ್ತಿ ಓರಾನ್ ಪಟ್ಟಣದ ಅತ್ಯಂತ ಕೆಟ್ಟ ಮಗ ಅನ್ನಿಸಿಕೊಂಡಿದ್ದ. ಅದಕ್ಕೆ ಮುಂಚೆ ಎಷ್ಟೋ ವರ್ಷ ಅವನು ಇದೇ ಪಟ್ಟಣದ ಮುದ್ದಿನ ಕೂಸು. ಟ್ಯಾಕ್ಸಿಯವರು ಅವನಿಂದ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಮೀನು ಮಾರುಕಟ್ಟೆಯಲ್ಲಿ ಅಮ್ಮನನ್ನು ಕಂಡರೆ ಜನ ಸಾಲು ಬಿಟ್ಟುಕೊಡುತ್ತಿದ್ದರು. ಇವೆರಡೂ ಹೇಗಾದವು ಅನ್ನುವುದನ್ನು ನಾನು ಹೇಳಿದರೇ ಸರಿ. ಅವನೇ ಹೇಳಲು ಕೂತರೆ ಅರ್ಧದಲ್ಲಿ ಎದ್ದು ಹಾಡಲು ಶುರುಮಾಡುತ್ತಾನೆ.

ನಾನು ಯಮೀನಾ, ಅವನಿಗಿಂತ ಎಂಟು ವರ್ಷ ದೊಡ್ಡವಳು. ಹಮ್ರಿ ಬಡಾವಣೆಯಲ್ಲಿ ಮದುವಣಗಿತ್ತಿಯರ ಬಟ್ಟೆ ಹೊಲಿಯುತ್ತೇನೆ. ಅಪ್ಪ ಫ್ರಾನ್ಸಿಗೆ ಹಡಗು ಹತ್ತಿದಾಗ ಮಿಲೂದನಿಗೆ ನಾಲ್ಕು ವರ್ಷ. ಮೊದಮೊದಲು ಒಂದೆರಡು ಮನಿಯಾರ್ಡರ್ ಬಂದವು, ಆಮೇಲೆ ಏನೂ ಬರಲಿಲ್ಲ. ಬಹಳ ಕಾಲದ ಮೇಲೆ, ಅವನು ಅಲ್ಲೇ ತೀರಿಕೊಂಡ ಅನ್ನುವ ಸುದ್ದಿ ಬಂತು. ಅಪ್ಪನ ಕಥೆ ಅಷ್ಟೇ. ಆದರೆ ನಮ್ಮಮ್ಮ ಖೈರಾ ಅದನ್ನು ಅಷ್ಟಕ್ಕೆ ಬಿಡುವವಳಲ್ಲ. ಹೊರಡುವ ದಿನ ಬೆಳಗ್ಗೆ ಅಪ್ಪ ಮಲಗಿದ್ದ ಮಗನ ಪಕ್ಕ ಮಂಡಿಯೂರಿ ಕೂತು, ಹಣೆಗೆ ಮುತ್ತಿಟ್ಟು, ಪುಟ್ಟ ಮುಷ್ಟಿಯೊಳಗೆ ಒಂದಷ್ಟು ಬಾದಾಮಿ ಇಟ್ಟು, ಕಣ್ಣೊರೆಸಿಕೊಂಡು ಹೋದ ಎಂದು ಅವಳು ಹೇಳುತ್ತಿದ್ದಳು. ಜ್ವರ ಬಂದಾಗ, ಹಬ್ಬಕ್ಕೆ ಹೊಸ ಬಟ್ಟೆ ಇಲ್ಲದಾಗ, ಬೀದಿಯಲ್ಲಿ ಯಾರಾದರೂ ಅಪ್ಪನ ಮಾತೆತ್ತಿ ಅಣಕಿಸಿದಾಗ ಮಿಲೂದ್ ಈ ಕಥೆ ಕೇಳಿಕೊಂಡೇ ನಿದ್ದೆ ಹೋಗುತ್ತಿದ್ದ. ಆ ಬೆಳಗ್ಗೆ ನಾನೂ ಮನೆಯಲ್ಲೇ ಇದ್ದೆ. ಅಮ್ಮ ಕಥೆ ಹೇಳುವಾಗಲೆಲ್ಲ ನಾನು ಹೊಲಿಗೆಯಿಂದ ತಲೆ ಎತ್ತುತ್ತಿರಲಿಲ್ಲ.

ಓದು ಅವನಿಗೆ ಹತ್ತಲಿಲ್ಲ. ಹದಿನಾರು ತುಂಬುತ್ತಿದ್ದ ಹಾಗೆ ಸ್ಕೂಲು ಬಿಟ್ಟ. ನನ್ನ ಹತ್ತಿರ ಬಟ್ಟೆ ಹೊಲಿಸುವ ಹೆಂಗಸರ ಮೂಲಕ ನಾನೇ ಅವನಿಗೆ ಕೆಲಸ ಹುಡುಕಿದೆ. ಮೊದಲನೆಯದು ಜಿಲಾಲಿಯ ಕ್ಷೌರದಂಗಡಿ. ಗಿರಾಕಿಗಳು ಕಾಯುತ್ತಿರುವಾಗ ಇವನು ಪೌಡರ್ ಡಬ್ಬಗಳನ್ನು ಸಾಲಾಗಿಟ್ಟು ಬಾಚಣಿಗೆಯಿಂದ ಬಾರಿಸುತ್ತಿದ್ದ. ಅದರಿಂದ ಅಂಗಡಿಗೆ ಜನ ಜಾಸ್ತಿಯೇ ಆದರು, ಜಿಲಾಲಿ ಸುಮ್ಮನಿದ್ದ. ಆದರೆ ಒಂದು ದಿನ ಮದುವೆ ಗಂಡೊಬ್ಬ ಮೀಸೆ ತಿದ್ದಿಸಿಕೊಳ್ಳಲು ಬಂದ. ಮಿಲೂದ್ ಬಾಯಲ್ಲೇ ತಾಳ ಹಾಕುತ್ತಾ ಎಡಗಡೆ ಸ್ವಲ್ಪ ಜಾಸ್ತಿ ಕತ್ತರಿಸಿದ, ಅದಕ್ಕೆ ಸರಿಯಾಗಿ ಬಲಗಡೆ, ಮತ್ತೆ ಎಡಗಡೆ, ಹೀಗೆ ಹೋಗಿ ಕೊನೆಗೆ ಮೀಸೆಯೇ ಇರಲಿಲ್ಲ. ಹುಡುಗಿಯ ಕಡೆಯವರು ಮದುವೆಯಲ್ಲಿ ಮೀಸೆಯಿಲ್ಲದ ಗಂಡನ್ನು ನೋಡಿ, ಇವನು ಗಂಡಿನ ತಮ್ಮನೇನೋ ಎಂದು ಕೇಳಿದರಂತೆ. ಆ ಹುಡುಗಿಯ ಬಟ್ಟೆ ಹೊಲಿದವಳು ನಾನೇ ಆಗಿದ್ದರಿಂದ ಎರಡೂ ಕಡೆಯ ಬೈಗುಳ ನನ್ನ ಪಾಲಿಗೆ ಬಂತು. ಜಿಲಾಲಿ ಮನೆಗೇ ಬಂದು ಅಮ್ಮನ ಎದುರು ಕೂತ. "ಹುಡುಗ ಒಳ್ಳೇವ್ನು ಖೈರಾ, ಆದ್ರೆ ಇವನ ಕೈಗೆ ಕತ್ತರಿ ಕೊಟ್ರೆ ನನ್ನ ಗಿರಾಕಿಗಳ ಕಿವಿ ಉಳಿಯಲ್ಲ" ಎಂದ.

ಆಮೇಲೆ ಸಿಟಿ ಬಸ್ಸಿನಲ್ಲಿ ಟಿಕೆಟ್ ಕೊಡುವ ಕೆಲಸ. ಅಮ್ಮನಿಗೆ ಅದು ಬಹಳ ಇಷ್ಟವಾಗಿತ್ತು, ಟೋಪಿ ಇತ್ತು, ಗುಂಡಿ ಇದ್ದ ಅಂಗಿ ಇತ್ತು. ಮಿಲೂದ್ ಪ್ರತಿ ಸ್ಟಾಪಿನ ಹೆಸರನ್ನೂ ರಾಗವಾಗಿ ಕೂಗುತ್ತಿದ್ದ. ಮದೀನಾ ಜದೀದಾ ಬಂದರೆ ಒಂದು ರಾಗ, ಗಂಬೆತಾ ಬಂದರೆ ಇನ್ನೊಂದು, ಬಂದರಿನ ಇಳಿಜಾರಿನಲ್ಲಿ ಬಸ್ಸು ವಾಲುವಾಗ ಅದಕ್ಕೆ ಸರಿಯಾಗಿ ದನಿಯನ್ನೂ ಇಳಿಸುತ್ತಿದ್ದ. ಮುದುಕಿಯರು ಬೇಕೆಂದೇ ಅವನ ಬಸ್ಸಿಗೆ ಕಾಯುತ್ತಿದ್ದರು. ತೊಂದರೆ ಏನೆಂದರೆ, ಹಾಡು ಪೂರ್ತಿ ಕೇಳಬೇಕೆಂದು ಜನ ತಮ್ಮ ಸ್ಟಾಪಿನಲ್ಲಿ ಇಳಿಯುತ್ತಲೇ ಇರಲಿಲ್ಲ. ಹಾಗೆ ಇಳಿಯದೆ ಉಳಿದವರಲ್ಲಿ ಒಬ್ಬ ತಪಾಸಣೆಯವನೂ ಇದ್ದ. ಅವನಿಗೆ ಸಂಗೀತ ಹಿಡಿಸಲಿಲ್ಲ. ಟೋಪಿ ವಾಪಸು ಹೋಯಿತು.

ಮೂರನೆಯ ಕೆಲಸವನ್ನು ಅವನೇ ಹುಡುಕಿಕೊಂಡ. ಐನ್ ಎಲ್ ತುರ್ಕ್ ಕಡಲದಂಡೆಯ ಒಂದು ಹೋಟೆಲಿನಲ್ಲಿ ಸಪ್ಲೈಯರ್. ಬೇಸಿಗೆಯಲ್ಲಿ ಅಲ್ಲಿ ಒಂದು ತಂಡ ರಾಕ್ ಸಂಗೀತ ನುಡಿಸುತ್ತಿತ್ತು, ಹೊರದೇಶದ ಹಾಡುಗಳನ್ನು ಅರ್ಥ ಗೊತ್ತಿಲ್ಲದೆ ಜೋರಾಗಿ ಹಾಡುತ್ತಿದ್ದರು. ಮಧ್ಯಾಹ್ನ ಉಳಿದ ಸಪ್ಲೈಯರುಗಳು ಮಲಗಿದ್ದಾಗ ಮಿಲೂದ್ ಆ ತಂಡದವರ ಎಲೆಕ್ಟ್ರಿಕ್ ಗಿಟಾರನ್ನು ಕರೆಂಟಿಗೆ ಸೇರಿಸದೆ, ಸದ್ದು ಬಾರದ ಹಾಗೆ ಮೀಟಿ ಕಲಿತ. ಆಗಸ್ಟ್ ತಿಂಗಳ ಮಧ್ಯದಲ್ಲಿ ಗಿಟಾರಿನವನಿಗೆ ಸೈನ್ಯದ ಕರೆ ಬಂತು. ಅಂದು ಸಂಜೆ ಹೋಟೆಲು ತುಂಬಿತ್ತು. ಮಿಲೂದ್ ಹುರಿದ ಮೀನಿನ ತಟ್ಟೆಯನ್ನು ಯಾರದೋ ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು ವೇದಿಕೆ ಹತ್ತಿದ. ಆ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದವನು ತಾಯಿಬ್. ಆ ಮೀನು ಕೇಳಿದ್ದವರು ಬೇರೆ ಮೇಜಿನವರು, ಅವರಿಗೆ ಕೊನೆಯವರೆಗೂ ಊಟ ಸಿಗಲಿಲ್ಲ ಎಂದು ಅವನು ಈಗಲೂ ನಗುತ್ತಾನೆ. ತಾಯಿಬ್ ಆಮೇಲೆ ತಂಡದ ಅಂಗಿಗಳನ್ನು ಹೊಲಿಸಲು ನಮ್ಮ ಮನೆಗೆ ಬಂದ. ತೋಳು ಬಿಗಿ ಎಂದು ಮತ್ತೆ ಬಂದ. ಈಗ ಸಡಿಲ ಎಂದು ಇನ್ನೊಮ್ಮೆ ಬಂದ. ಹೀಗೆ ಬಂದೂ ಬಂದೂ ನನ್ನನ್ನು ಮದುವೆಯಾದ.

ಮಿಲೂದನಿಗೂ ಸೈನ್ಯದ ಸರದಿ ಬಂತು. ಅವನನ್ನು ದಕ್ಷಿಣಕ್ಕೆ, ಬೆಶಾರಿಗೆ ಹಾಕಿದರು. ಹಗಲು ಮರಳು ಗುಡಿಸುವುದೇ ಕೆಲಸವಂತೆ. ಆದರೆ ಅಲ್ಲಿನ ಸೈನಿಕನೊಬ್ಬ ಚರ್ಮ ಬಿಗಿದ ಮೂರು ತಂತಿಯ ವಾದ್ಯ ನುಡಿಸುತ್ತಿದ್ದ. ಅದರ ಮಂದ್ರ ಸ್ವರ, ಒಂಟೆಯ ನಡಿಗೆಯಂಥ ತಾಳ ಇವನ ಕೈಗೆ ಇಳಿದುಬಿಟ್ಟಿತು. ವಾಪಸು ಬಂದಾಗ ಇವನ ಗಿಟಾರು ಬೇರೆಯೇ ಆಗಿತ್ತು. ಹೊರದೇಶದ ಹಾಡು ಇನ್ನು ಸಾಕು ಎಂದ. ತಾಯಿಬ್ ಮತ್ತು ಇನ್ನಿಬ್ಬರನ್ನು ಕೂಡಿಸಿಕೊಂಡು ರಸೀಫ್ ಎಂಬ ತಂಡ ಕಟ್ಟಿದ. ರಸೀಫ್ ಎಂದರೆ ಬಂದರಿನ ಕಟ್ಟೆ, ಬೇರೆ ಜಾಗವಿಲ್ಲದೆ ಅವರು ಅಭ್ಯಾಸ ಮಾಡುತ್ತಿದ್ದದ್ದು ಅಲ್ಲೇ. ಅಮ್ಮನಿಗೆ ಆ ಗಿಟಾರಿನ ಸದ್ದು ಕೋಳಿಯನ್ನು ಯಾರೋ ಅಟ್ಟಿಸಿಕೊಂಡು ಹೋದ ಹಾಗೆ ಕೇಳುತ್ತಿತ್ತಂತೆ. ಆದರೂ ಅವನು ಮಲಗಿದ ಮೇಲೆ ಅದಕ್ಕೆ ಧೂಳು ಕೂರದ ಹಾಗೆ ಬಟ್ಟೆ ಹೊದಿಸುತ್ತಿದ್ದಳು.

ಅವರು ಕ್ಯಾಸೆಟ್ ಅಂಗಡಿಯೊಂದರ ಹಿಂಬದಿ ಕೋಣೆಯಲ್ಲಿ ಮೊದಲ ಹಾಡುಗಳನ್ನು ಧ್ವನಿಮುದ್ರಿಸಿದರು. ಅದರಲ್ಲಿ ಒಂದು ಬಸ್ ಸ್ಟಾಪುಗಳ ಹಾಡು. ಆ ಬಸ್ಸಿನಲ್ಲಿ ಅವನು ಕೂಗುತ್ತಿದ್ದ ಹೆಸರುಗಳೇ, ಅದೇ ಕ್ರಮದಲ್ಲಿ. ಒಂದೊಂದು ಸ್ಟಾಪಿನಲ್ಲೂ ಒಬ್ಬರು ಹತ್ತುತ್ತಾರೆ, ಒಬ್ಬರು ಇಳಿಯುತ್ತಾರೆ, ಅಷ್ಟೇ ವಿಷಯ. ಬೇಸಿಗೆ ಮುಗಿಯುವ ಹೊತ್ತಿಗೆ ಓರಾನಿನಲ್ಲಿ ಆ ಹಾಡು ಕೇಳದ ಟ್ಯಾಕ್ಸಿ ಇರಲಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ನಮ್ಮ ತಂಡ ಗೋಲು ಹೊಡೆದರೆ ಜನ ಸ್ಟಾಪುಗಳ ಹೆಸರು ಹಾಡುತ್ತಿದ್ದರು, ಎದುರು ತಂಡದವರಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಆಲ್ಜಿಯರ್ಸ್‌ನಿಂದ ಕರೆ ಬಂತು, ಟ್ಯೂನಿಸ್‌ನಿಂದ ಬಂತು, ಮಾರ್ಸೇಯಿಂದ ಬಂತು. ಮಿಲೂದ್ ಕೂದಲನ್ನು ಭುಜದವರೆಗೂ ಬಿಟ್ಟ. ಸಮುದ್ರ ಕಾಣುವ ಒಂದು ಮನೆ ಹಿಡಿದ. ಅಮ್ಮ ಮಾತ್ರ ಹಮ್ರಿ ಬಿಟ್ಟು ಕದಲಲಿಲ್ಲ. ಅವಳಿಗಾಗಿ ಅವನು ಬೀದಿಯಲ್ಲೇ ದೊಡ್ಡದಾದ ಟಿವಿ ತಂದುಕೊಟ್ಟ. ಅಂದಿನಿಂದ ಪಕ್ಕದ ಮನೆಯ ರಹ್ಮೂನಾ ತನ್ನ ಮನೆಗಿಂತ ನಮ್ಮ ಮನೆಯಲ್ಲೇ ಹೆಚ್ಚು ಹೊತ್ತು ಇರತೊಡಗಿದಳು. ರಹ್ಮೂನಾಗೆ ಬಾಯಿ ಜಾಸ್ತಿ, ಆದರೆ ಮಿಲೂದನಿಗೆ ತೊಟ್ಟಿಲು ತೂಗಿದ ಕೈ ಅವಳದು.

ನಟನೆಯ ವಿಷಯ ಬಂದದ್ದು ಆಗ. ಆಲ್ಜಿಯರ್ಸ್‌ನಿಂದ ನಾದಿರ್ ಎಂಬ ನಿರ್ದೇಶಕ ಇವರ ಕಾರ್ಯಕ್ರಮ ನೋಡಲು ಬಂದಿದ್ದ. ರಂಜಾನಿನಲ್ಲಿ ಉಪವಾಸ ಬಿಟ್ಟ ಮೇಲೆ ದಿನವೂ ಬರುವ ಒಂದು ಧಾರಾವಾಹಿ ಮಾಡುತ್ತಿದ್ದನಂತೆ, ಅದರಲ್ಲಿ ಮಿಲೂದ್ ಬೇಕು ಎಂದ. ನಾಯಕನ ಪಾತ್ರವೇ ಇರಬೇಕು ಎಂದು ನಾವೆಲ್ಲ ಸಂತೋಷಪಟ್ಟೆವು. ಅಲ್ಲ, ಮನ್ಸೂರ್ ಎಂಬ ಮಗನ ಪಾತ್ರ. ವ್ಯಾಪಾರಕ್ಕಾಗಿ ಹಳೇ ಮನೆ ಮಾರಲು ಹೊರಡುತ್ತಾನೆ, ಅಡ್ಡಬಂದ ವಿಧವೆ ತಾಯಿಯನ್ನು ಊರಾಚೆಯ ಒಂದು ಖಾಲಿ ಕೋಣೆಯಲ್ಲಿ ಬಿಟ್ಟು ಬರುತ್ತಾನೆ. ಇಂಥದ್ದಕ್ಕೆ ಇವನೇ ಏಕೆ ಎಂದು ತಾಯಿಬ್ ಕೇಳಿದ. ನಾದಿರ್ ನಮ್ಮ ಮನೆಯ ಚಹಾ ಹೀರುತ್ತಾ ಉತ್ತರ ಕೊಟ್ಟ: "ಕೆಟ್ಟ ಮುಖದವನು ಕೆಟ್ಟ ಕೆಲಸ ಮಾಡಿದ್ರೆ ಯಾರಿಗೂ ನೋವಾಗಲ್ಲ. ಜನ ಪ್ರೀತಿಸೋ ಮುಖ ಬೇಕು ನನಗೆ."

ಚಿತ್ರೀಕರಣದ ಮೊದಲ ವಾರ ಮಿಲೂದ್ ಎಲ್ಲರ ಪ್ರಾಣ ತಿಂದನಂತೆ. ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಾತನಾಡುವಾಗ ಕಾಲು ತಾನಾಗಿ ತಾಳ ಹಾಕುತ್ತಿತ್ತು, ಅದು ಮೈಕಿಗೆ ಕೇಳುತ್ತಿತ್ತು. ಅವನು ನಿಲ್ಲುವ ಕಡೆಯೆಲ್ಲ ಕಂಬಳಿ ಹಾಸಿದರು. ಸಂಭಾಷಣೆಯ ಕೊನೆಯ ಪದವನ್ನು ಹಾಡಿನ ಹಾಗೆ ಎಳೆಯುತ್ತಿದ್ದ. ತಾಯಿಯ ಪಾತ್ರದಲ್ಲಿದ್ದ ವರ್ದಿಯಾ ಬಹಳ ಹಳೆಯ ನಟಿ. ಆಕೆಯೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜನರ ಕಡೆ ಹಾಡಬೇಡ, ನನಗೊಬ್ಬಳಿಗೆ ಹೇಳು ಎಂದು ತಿದ್ದಿದಳು. ಅವನು ಫೋನಿನಲ್ಲಿ ಇದನ್ನೆಲ್ಲ ನಮಗೆ ಹೇಳಿ ನಗುತ್ತಿದ್ದ. ತಾಯಿಯನ್ನು ಬಿಟ್ಟು ಬರುವ ದೃಶ್ಯದ ಬಗ್ಗೆ ಮಾತ್ರ ಏನೂ ಹೇಳಿರಲಿಲ್ಲ.

ರಂಜಾನ್ ಬಂತು. ಆಗ ದೇಶಕ್ಕೆಲ್ಲ ಒಂದೇ ಚಾನೆಲ್. ಸಂಜೆಯ ಬಾಂಗು ಕೇಳಿ, ಖರ್ಜೂರ ಬಾಯಿಗಿಟ್ಟು, ಹರೀರಾ ಸೂಪು ಕುಡಿದು ಎಲ್ಲರೂ ಟಿವಿ ಮುಂದೆ ಕೂರುವವರೇ. ನಮ್ಮ ಮನೆಯಲ್ಲಿ ಕೂರಲು ಜಾಗವಿರುತ್ತಿರಲಿಲ್ಲ. ಮನ್ಸೂರ್ ತಾಯಿಗೆ ಎದುರು ಮಾತನಾಡಿದ ದಿನ ರಹ್ಮೂನಾ ಟಿವಿಗೆ ಬೈದಳು. ಅವನು ತಾಯಿಯ ಬೀಗದ ಕೈ ಕಸಿದ ದಿನ, "ನಿನಗೆ ತೊಟ್ಟಿಲು ತೂಗಿದ ನನ್ನ ಕೈಗೆ ಲಕ್ವಾ ಹೊಡೀಬೇಕಿತ್ತು ಕಣೋ" ಎಂದಳು. ಅಮ್ಮ ಖುಷಿಯಿಂದ ಕೇಳುತ್ತಿದ್ದಳು. ಎಷ್ಟು ಬೈದರೆ ಅಷ್ಟು ಚೆನ್ನಾಗಿ ನಟಿಸಿದ ಹಾಗೆ ಎಂದು ಮಿಲೂದ್ ಅವಳಿಗೆ ಮೊದಲೇ ಹೇಳಿಕೊಟ್ಟಿದ್ದ. ತರಕಾರಿ ಮಾರುಕಟ್ಟೆಯಲ್ಲಿ ಒಬ್ಬ ಮುದುಕಿ ಗಡ್ಡೆಕೋಸು ತುಂಬಿದ ಚೀಲದಿಂದ ಅವನ ಬೆನ್ನಿಗೆ ಹೊಡೆದಳು. ಅವನು ಆ ಚೀಲವನ್ನು ಹೊತ್ತು ಅವಳ ಮನೆಯವರೆಗೂ ಬಿಟ್ಟು, ಬೆನ್ನು ಸವರಿಕೊಳ್ಳುತ್ತಾ ಬಂದು ಹೆಮ್ಮೆಯಿಂದ ಹೇಳಿಕೊಂಡ.

ತಾಯಿಯನ್ನು ಬಿಟ್ಟುಬರುವ ಭಾಗ ಬಂದ ಸಂಜೆ ಅವನು ಊರಲ್ಲಿರಲಿಲ್ಲ. ಮೊಸ್ತಗನೆಮ್‌ನಲ್ಲಿ ಕಾರ್ಯಕ್ರಮವಿತ್ತು, ತಾಯಿಬ್ ಕೂಡ ಹೋಗಿದ್ದ. ನಾವು ಹೆಂಗಸರೇ ಕೂತಿದ್ದೆವು. ಮನ್ಸೂರ್ ಏನಾದರೂ ಕೂಗಾಡುತ್ತಾನೆ, ತಾಯಿಯ ಬಟ್ಟೆಗಂಟು ಎಸೆಯುತ್ತಾನೆ ಎಂದು ಎಲ್ಲರೂ ಮೊದಲೇ ಶಪಿಸಲು ಸಿದ್ಧವಾಗಿದ್ದರು. ಅವನು ಅದೇನೂ ಮಾಡಲಿಲ್ಲ. ಗಂಟನ್ನು ಮೆತ್ತಗೆ ಮೂಲೆಯಲ್ಲಿಟ್ಟ. ವರ್ದಿಯಾ ಬರಿ ನೆಲದ ಮೇಲೆ ಕೂತು, ಮತ್ತೆ ಯಾವಾಗ ಬರುತ್ತೀಯಪ್ಪ ಎಂದು ಕೇಳಿದಳು. ಅವನು ಗೋಡೆ ನೋಡುತ್ತಾ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕಿಕೊಂಡ. ಕಾಲರು ಸರಿಮಾಡಿಕೊಂಡ. ಹೊಸ್ತಿಲು ದಾಟಿ, ತಿರುಗಿ ನೋಡದೆ, "ಬಾಗಿಲು ಹಾಕ್ಕೋ, ಗಾಳಿ ಬರ್ತಿದೆ" ಎಂದು ಹೋಗಿಬಿಟ್ಟ.

ಶಪಿಸುವುದು ಎಲ್ಲರಿಗೂ ಮರೆತುಹೋಯಿತು. ರಹ್ಮೂನಾಗೆ ಕೂಡ. ನನಗೆ ಕಂಡದ್ದು ಮನ್ಸೂರ್ ಅಲ್ಲ. ಅದು ನಮ್ಮಪ್ಪ. ಹಡಗು ಹತ್ತಿದ ಬೆಳಗ್ಗೆ ಅಪ್ಪ ಹೋದದ್ದು ಹಾಗೇ. ಮಂಡಿಯೂರಲಿಲ್ಲ, ಮುತ್ತಿಡಲಿಲ್ಲ. ಯಾವಾಗ ಕಾಗದ ಬರೆಯುತ್ತೀರಿ ಎಂದು ಅಮ್ಮ ಕೇಳಿದಾಗ ಗೋಡೆ ನೋಡುತ್ತಾ ಗುಂಡಿ ಹಾಕಿಕೊಂಡ, ಅದೇ ಮಾತು ಆಡಿ ಹೋದ. ಮಿಲೂದ್ ಗೋಡೆಯ ಪಕ್ಕ ಗಾಢ ನಿದ್ದೆಯಲ್ಲಿದ್ದ ಎಂದು ನಾವಿಬ್ಬರೂ ಇಷ್ಟು ವರ್ಷ ನಂಬಿದ್ದೆವು. ನಾನು ಅಮ್ಮನ ಕಡೆ ನೋಡಿದೆ. ಅವಳು ಎದ್ದು, ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟುಕೊಂಡು ಅಡುಗೆಮನೆಗೆ ಹೋದಳು.

ಮಾರನೆಯ ದಿನದಿಂದ ಅಮ್ಮ ಧಾರಾವಾಹಿ ನೋಡಲಿಲ್ಲ. ಆ ಹೊತ್ತಿಗೆ ಸರಿಯಾಗಿ ಒಳಗೆ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದಳು. ಬೀದಿಯವರು ಅದಕ್ಕೆ ತಮ್ಮದೇ ಅರ್ಥ ಕಟ್ಟಿದರು. ಮಗ ನಿಜವಾಗಿಯೂ ಖೈರಾಳನ್ನು ಗೋಳು ಹೊಯ್ದುಕೊಳ್ಳುತ್ತಿರಬೇಕು, ಇಲ್ಲದಿದ್ದರೆ ಅವಳ ಮುಖ ಹೀಗೇಕೆ ಬಾಡುತ್ತದೆ? ಸಂಜೆಯಾದರೆ ಬಾಗಿಲ ಬಳಿ ಮುಚ್ಚಿದ ಬಟ್ಟಲುಗಳು ಬರತೊಡಗಿದವು. ಒಬ್ಬರ ಮನೆಯ ಹರೀರಾ, ಇನ್ನೊಬ್ಬರ ಮನೆಯ ಖೀಮಾ ತುಂಬಿದ ಬುರೆಕ್, ಮತ್ತೊಬ್ಬರದು ಜಿಲೇಬಿಯಂಥ ಝಲಾಬಿಯಾ. ಮಗನ ಹಣದಿಂದ ಫ್ರಿಜ್ಜು ತುಂಬಿರುವ ಮನೆಗೆ ಅನಾಥೆಗೆ ಕಳಿಸುವ ಹಾಗೆ ಊಟ ಬರುತ್ತಿತ್ತು. ಮಿಲೂದ್ ಬೀದಿಗೆ ಬಂದರೆ ಗಂಡಸರೂ ಸಲಾಮಿಗೆ ಮೆಲ್ಲಗೆ ಉತ್ತರ ಕೊಡುತ್ತಿದ್ದರು. ಅದನ್ನೆಲ್ಲ ಅವನು ನಗುತ್ತಾ ತಡೆದುಕೊಂಡ. ಅಮ್ಮ ತನ್ನ ಜೊತೆ ಮಾತಾಡದೆ ಬಡಿಸಿ ಹೋಗುವುದನ್ನು ಮಾತ್ರ ಅವನಿಂದ ತಡೆಯಲಾಗಲಿಲ್ಲ. ನನ್ನನ್ನು ಹೊರಗೆ ಕರೆದು, ಅಮ್ಮನಿಗೆ ನನ್ನಿಂದ ಅವಮಾನವಾಯಿತೇ ಎಂದು ಕೇಳಿದ. ನಾನು ತಿರುಗಿ ಕೇಳಿದೆ, ಬಾಗಿಲು ಹಾಕ್ಕೋ ಅನ್ನುವ ಮಾತು ಬರೆದವರು ಯಾರು ಎಂದು. ಯಾರೂ ಬರೆದಿಲ್ಲ ಎಂದ. ಹಾಗಾದರೆ ಒಳಗೆ ಹೋಗಿ ಅಮ್ಮನ ಹತ್ತಿರ ಕೂತುಕೋ ಎಂದೆ.

ಮಧ್ಯಾಹ್ನದ ಹೊತ್ತು. ಅಮ್ಮ ಅಗಲವಾದ ಮಣ್ಣಿನ ಪರಾತದಲ್ಲಿ ರೊಟ್ಟಿಗೆ ರವೆ ನಾದುತ್ತಿದ್ದಳು. ನಾನು ಕೊತ್ತಂಬರಿ ಬಿಡಿಸುತ್ತಾ ಕೂತೆ. ಮಿಲೂದ್ ಗಿಡ್ಡ ಮಣೆಯ ಮೇಲೆ ತನ್ನ ಉದ್ದ ಕಾಲುಗಳನ್ನು ಮಡಿಸಿಕೊಂಡು ಕೂತ.

"ಆವತ್ತು ನೀನು ನಿದ್ದೆ ಮಾಡ್ತಿರ್ಲಿಲ್ವಾ?" ಎಂದು ಅಮ್ಮ ತಲೆ ಎತ್ತದೆ ಕೇಳಿದಳು.

ಯಾವತ್ತು ಎಂದು ಅವನು ಕೇಳಲಿಲ್ಲ. "ಇಲ್ಲಮ್ಮ" ಎಂದ.

"ಹಾಗಾದ್ರೆ ನಾನು ಹೇಳ್ತಿದ್ದದ್ದೆಲ್ಲ ಸುಳ್ಳು ಅಂತ ಗೊತ್ತಿತ್ತು ನಿನಗೆ. ಗೊತ್ತಿದ್ದೂ ಕೇಳ್ತಾ ಮಲಗಿರ್ತಿದ್ದೆ."

"ನೀನು ಚೆನ್ನಾಗಿ ಹೇಳ್ತಿದ್ದೆ. ಒಂದ್ಸಲ ಬಾದಾಮಿ, ಒಂದ್ಸಲ ಖರ್ಜೂರ. ನನಗೆ ಜೋರು ಜ್ವರ ಬಂದಿದ್ದಾಗ ಚಾಕೊಲೇಟೂ ಇತ್ತು. ಇವತ್ತು ಏನು ಕೊಟ್ಟು ಹೋಗ್ತಾನೋ ಅಂತ ಕಾಯ್ತಿದ್ದೆ."

ಅಮ್ಮನಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು. ಗೊತ್ತಿದ್ದರೆ ಗೊತ್ತಿರಲಿ, ಅದನ್ನು ಊರಿಗೆಲ್ಲ, ದೇಶಕ್ಕೆಲ್ಲ ತೋರಿಸಬೇಕಿತ್ತೇ ಎಂದು ಹಿಟ್ಟನ್ನು ಪರಾತಕ್ಕೆ ಬಡಿದಳು. ಮಿಲೂದ್ ತಪ್ಪಾಯಿತು ಎಂದ. ಬೇರೆ ಯಾವ ರೀತಿಯಲ್ಲೂ ಆ ದೃಶ್ಯ ಮಾಡಲು ತನಗೆ ಬರಲಿಲ್ಲ ಎಂದ. ವರ್ಷಗಟ್ಟಲೆ ಹೇಳೀ ಹೇಳೀ ಅಮ್ಮನಿಗೆ ತನ್ನ ಕಥೆಯೇ ನಿಜವಾಗಿರುತ್ತದೆ, ಹಳೆಯದೆಲ್ಲ ಮರೆತುಹೋಗಿರುತ್ತದೆ ಎಂದುಕೊಂಡಿದ್ದನಂತೆ. ಅಮ್ಮ ಕೈಗಂಟಿದ ಹಿಟ್ಟನ್ನು ಬೆರಳು ಬೆರಳಿಗೂ ಬಿಡಿಸಿಕೊಂಡಳು. ಆಮೇಲೆ ಅವನ ಮುಖವನ್ನು ನೇರವಾಗಿ ನೋಡಿದಳು.

"ಒಂದು ಕಡೆ ನೀನು ತಪ್ಪು ಮಾಡಿದ್ದೀಯ" ಎಂದಳು. "ಅವನ ಕೈ ನಡುಗ್ತಿತ್ತು. ಮೇಲಿನ ಗುಂಡಿ ಹಾಕ್ಕೊಳ್ಳಕ್ಕೆ ಅವನಿಗೆ ಆಗ್ಲೇ ಇಲ್ಲ. ನಾನು ಹಾಕ್ದೆ. ನೀನು ಮಲಗಿದ್ದ ಕಡೆಯಿಂದ ಅದು ಕಾಣಿಸ್ತಿರ್ಲಿಲ್ಲ."

ಮಿಲೂದ್ ನನ್ನ ಕಡೆ ತಿರುಗಿದ. ನಾನು ಅಂದು ಅಮ್ಮನ ಬೆನ್ನ ಹಿಂದೆ ನಿಂತಿದ್ದೆ, ನನಗೂ ಕಾಣಿಸಿರಲಿಲ್ಲ, ಇದ್ದದ್ದನ್ನೇ ಹೇಳಿದೆ. ಇದು ಕಥೆಯೇ, ನಿಜವೇ ಎಂದು ಅವನು ಅಮ್ಮನನ್ನು ಕೇಳಿದ.

"ಕಥೆ ಆಗಿದ್ರೆ ಮೊದ್ಲೇ ಹೇಳ್ತಿದ್ದೆ" ಎಂದಳು ಅಮ್ಮ. "ಇದೊಂದು ನನ್ನದು ಅಂತ ಇಟ್ಕೊಂಡಿದ್ದೆ."

ಅವನು ಮಣೆಯಿಂದ ಜಾರಿ ನೆಲಕ್ಕೆ ಕೂತು ಅವಳ ಮೊಣಕಾಲಿಗೆ ತಲೆ ಒರಗಿಸಿದ. ದೇಶದ ಅರ್ಧ ಹುಡುಗಿಯರು ಕನಸು ಕಾಣುತ್ತಿದ್ದ ಆ ಕೂದಲಿನ ಮೇಲೆ ಅಮ್ಮ ಹಿಟ್ಟಿನ ಕೈ ಇಟ್ಟಳು. ಹೊರಗೆ ರಹ್ಮೂನಾ ಸಂಜೆಗೆಂದು ಸೂಪಿನ ಬಟ್ಟಲು ತಂದು ಬಾಗಿಲು ತಟ್ಟುತ್ತಿದ್ದಳು. ನಾನೇ ಎದ್ದು ಹೋಗಿ ತೆಗೆದುಕೊಂಡೆ, ಒಳಗೆ ಬಿಡಲಿಲ್ಲ.

ಆ ಸಂಜೆ ಅಮ್ಮ ಮತ್ತೆ ಟಿವಿ ಮುಂದೆ ಕೂತಳು. ಮಗನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಇಲ್ಲಿ ಜಾಸ್ತಿ ಆಯಿತು, ಇಲ್ಲಿ ಸರಿಯಿದೆ ಎಂದು ಕೊನೆಯ ದಿನದವರೆಗೂ ತಿದ್ದಿದಳು. ಧಾರಾವಾಹಿ ಮುಗಿದ ರೀತಿ ಯಾರಿಗೂ ಸಮಾಧಾನ ತರಲಿಲ್ಲ. ಮನ್ಸೂರ್ ಬುದ್ಧಿ ಬಂದು ತಾಯಿಯನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಆ ಕೋಣೆಯಲ್ಲಿ ಬೇರೆಯವರಿದ್ದರು, ಅಲ್ಲಿಗೆ ಮುಗಿಯಿತು. ಕ್ಷಮೆ ಕೇಳದೆ ಕಥೆ ಮುಗಿಸುವುದು ಯಾವ ಊರಿನ ನ್ಯಾಯ ಎಂದು ಹಬ್ಬದ ದಿನವೂ ಹೆಂಗಸರು ಅದನ್ನೇ ಮಾತಾಡಿದರು. ಮಿಲೂದನ ಸಲಾಮಿಗೆ ಬರುವ ಉತ್ತರ ಇನ್ನೂ ಮೆಲ್ಲಗೇ ಇತ್ತು.

ಬೇಸಿಗೆಯಲ್ಲಿ ವರ್ದಿಯಾ ಯಾವುದೋ ನಾಟಕಕ್ಕೆಂದು ಓರಾನಿಗೆ ಬಂದಳು. ಅಮ್ಮ ಅವಳನ್ನು ಕುಸ್ಕುಸ್ ಊಟಕ್ಕೆ ಕರೆಸಿದಳು. ಮಿಲೂದ್ ಟ್ಯಾಕ್ಸಿಯಲ್ಲಿ ಕರೆತಂದ. ಅವಳು ಇಳಿಯುತ್ತಿದ್ದ ಹಾಗೆ ರಹ್ಮೂನಾ ಕಿಟಕಿಯಿಂದ ಕಂಡು, ಮೈಮೇಲೆ ಬಟ್ಟೆ ಸರಿಮಾಡಿಕೊಳ್ಳುತ್ತಾ ಬೀದಿಗೆ ಓಡಿಬಂದಳು. ಹಿಂದೆಯೇ ಇಡೀ ಬೀದಿ ಬಂತು. ರಹ್ಮೂನಾ ವರ್ದಿಯಾಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಆ ಕೋಣೆಯಲ್ಲಿ ಒಲೆಯಾದರೂ ಇತ್ತೇನಕ್ಕಾ, ಏನು ತಿಂದುಕೊಂಡಿದ್ದಿರಿ ಎಂದು ಕೇಳಿದಳು. ಆಮೇಲೆ ಮಿಲೂದನ ತೋಳು ಹಿಡಿದು ಎಳೆದು ವರ್ದಿಯಾಳ ಎದುರು ನಿಲ್ಲಿಸಿದಳು.

"ಈಗ ಕೇಳು ಕ್ಷಮೆ. ಎಲ್ಲರ ಮುಂದೇನೇ ಕೇಳು."

ಅವನು ಸುತ್ತ ನೋಡಿದ. ಯಾರೂ ನಗುತ್ತಿರಲಿಲ್ಲ. ಕ್ಷೌರದ ಜಿಲಾಲಿ ಕೂಡ ಕೈಯಲ್ಲಿ ಸೋಪಿನ ಬ್ರಷ್ ಹಿಡಿದುಕೊಂಡೇ ಬಂದು ಗಂಭೀರವಾಗಿ ನಿಂತಿದ್ದ. ಅಮ್ಮ ಹೊಸ್ತಿಲ ಮೇಲೆ ನಿಂತು ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಿಲೂದ್ ತಲೆ ತಗ್ಗಿಸಿ, "ತಪ್ಪಾಯ್ತಮ್ಮ, ನಿನ್ನನ್ನ ಅಲ್ಲಿ ಬಿಟ್ಟು ಬರಬಾರ್ದಾಗಿತ್ತು" ಎಂದು ವರ್ದಿಯಾಳ ತಲೆಗೆ ಮುತ್ತಿಟ್ಟ. ವರ್ದಿಯಾ ಹಳೇ ನಟಿಯಲ್ಲವೇ, ಅಷ್ಟು ಸುಲಭವಾಗಿ ಬಿಡಲಿಲ್ಲ. ಮುಖ ಆಚೆ ತಿರುಗಿಸಿದಳು. ಬೀದಿ ಉಸಿರು ಬಿಗಿಹಿಡಿಯಿತು. ಅವಳು ನಿಧಾನವಾಗಿ ಈಚೆ ತಿರುಗಿ ಅವನ ಕೆನ್ನೆ ಸವರಿದಾಗ ಹೆಂಗಸರೆಲ್ಲ ಮದುವೆ ಮನೆಯಲ್ಲಿ ಹಾಕುವ ಹಾಗೆ ನಾಲಿಗೆ ಆಡಿಸಿ ಉಲುಲು ಎಂದು ಕೂಗು ಹಾಕಿದರು. ಜಿಲಾಲಿ ಮಿಲೂದನ ಬೆನ್ನು ತಟ್ಟಿ, ಅರ್ಧ ಕ್ಷೌರವಾದ ಗಿರಾಕಿಯ ಕಡೆಗೆ ವಾಪಸು ಹೋದ.

ಊಟದ ಹೊತ್ತಿಗೆ ವರ್ದಿಯಾ ನನಗೆ ಆ ದೃಶ್ಯದ ದಿನ ನಡೆದದ್ದು ಹೇಳಿದಳು. ಬರೆದಿದ್ದ ಹಾಗೆ ಮಿಲೂದ್ ಬೆಳಗ್ಗೆಯಿಡೀ ಕೂಗಾಡಿದನಂತೆ, ಗಂಟು ಎಸೆದನಂತೆ, ಫುಟ್‌ಬಾಲ್ ಆಟಗಾರರಿಗೆ ಬೈಯುವ ತರಬೇತುದಾರನ ಹಾಗೆ ಕಾಣುತ್ತಿದ್ದನಂತೆ. ನಾದಿರ್ ಕೈಚೆಲ್ಲಿದ. ಮನೆ ಬಿಟ್ಟು ಹೋಗುವವರನ್ನು ಎಂದಾದರೂ ನೋಡಿದ್ದೀಯಾ ಎಂದು ಅವಳು ಸುಮ್ಮನೆ ಕೇಳಿದಳಂತೆ. ಅವನು ಗುಂಡಿ ಜಾಸ್ತಿ ಇರುವ ಒಂದು ಕೋಟು ಬೇಕು ಎಂದನಂತೆ. ಕ್ಯಾಮೆರಾ ನಿಂತ ಮೇಲೆ ಹೊರಗೆ ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದ. ಯಾಕೆ ಎಂದು ತಾನು ಕೇಳಲಿಲ್ಲ, ಇವತ್ತೂ ಕೇಳುವುದಿಲ್ಲ ಎಂದು ವರ್ದಿಯಾ ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು.

ಅಂದು ಸಂಜೆ ಬಯಲು ರಂಗಮಂದಿರದಲ್ಲಿ ರಸೀಫ್ ತಂಡದ ಕಾರ್ಯಕ್ರಮವಿತ್ತು. ವರ್ದಿಯಾ ಅವನ ಹಾಡು ಎದುರಿಗೆ ಕೂತು ಕೇಳಿರಲೇ ಇಲ್ಲ. ಅಮ್ಮ ಅವಳನ್ನು ಮೊದಲ ಸಾಲಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡಳು. ತಾಯಿಬ್ ಕೋಲು ಎತ್ತಿ ಹೊಡೆದ, ಗಿಟಾರು ಕಿರುಚಿತು. ವರ್ದಿಯಾ ಬೆಚ್ಚಿಬಿದ್ದು ಎರಡೂ ಕಿವಿ ಮುಚ್ಚಿಕೊಂಡಳು. ಅಮ್ಮ ಅವಳ ಕಡೆ ಬಾಗಿ, ಎರಡನೇ ಹಾಡಿನ ಹೊತ್ತಿಗೆ ಅಭ್ಯಾಸ ಆಗುತ್ತದೆ ಎಂದು ಧೈರ್ಯ ಹೇಳಿದಳು. ಮೂರನೇ ಹಾಡಿಗೆ ಸುತ್ತಲಿನ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು. ಕಾಣುತ್ತಿಲ್ಲವೆಂದು ವರ್ದಿಯಾ ತಾನೂ ಎದ್ದಳು. ಅಮ್ಮನ ಕೈ ಹಿಡಿದು ಎಬ್ಬಿಸಿದಳು. ಇಬ್ಬರೂ ಕುರ್ಚಿಯ ಬೆನ್ನು ಹಿಡಿದುಕೊಂಡು ಮುಗಿಯುವವರೆಗೂ ನಿಂತೇ ಇದ್ದರು.